ರೋಗಶಯ್ಯೆಯೆಡೆಗೆ ಕಳುಹಲ್ಪಟ್ಟವರು

ಅಮೆರಿಕದ ಸಂಯುಕ್ತ ಸಂಸ್ಥಾನದ ದೊಡ್ಡ ಆಸ್ಪತ್ರೆಗಳಲ್ಲಿಯೂ, ಮರಣಾಸನ್ನರ ಶುಶ್ರೂಷೆಗೆಂದೇ ಮೀಸಲಾದ ಹಾಸ್ಪೈಸ್ ಸಂಸ್ಥೆಗಳಲ್ಲಿಯೂ, ವೈದ್ಯನು ಬಂದು ನೋಡಿ ಹೊರಟುಹೋದ ಮೇಲೆ ರೋಗಿಯ ಬಳಿ ಕುಳಿತು, ಆತನು ಬಯಸಿದರೆ ಪ್ರಾರ್ಥಿಸಿ, ಬಯಸದಿದ್ದರೆ ಸುಮ್ಮನಿದ್ದು, ಆತನ ಭಯವನ್ನೂ ಪಶ್ಚಾತ್ತಾಪವನ್ನೂ ಕೇಳಿಸಿಕೊಳ್ಳುವ ಧರ್ಮಸೇವಕನೊಬ್ಬನಿರುತ್ತಾನೆ. ಚಾಪ್ಲಿನ್ ಎಂಬುದು ಆತನ ಹುದ್ದೆ. ಸಂಬಳವನ್ನು ಆಸ್ಪತ್ರೆ ಕೊಡುತ್ತದೆ. ಕೊರಳಿನ ಗುರುತಿನ ಚೀಟಿಯೂ ಆಸ್ಪತ್ರೆಯದೇ. ಆದರೆ ಆತನ ಕಡತದಲ್ಲಿ, ವಿಶ್ವವಿದ್ಯಾಲಯದ ಪದವಿಪತ್ರಗಳ ಜೊತೆಯಲ್ಲಿ, ಆಸ್ಪತ್ರೆಯು ತಾನಾಗಿ ಬರೆದುಕೊಳ್ಳಲಾರದ ಪತ್ರವೊಂದಿರುತ್ತದೆ: ಈತನು ನಮ್ಮ ಸಭೆಯವನು, ಈತನ ನಡೆನುಡಿಗಳಿಗೆ ನಾವು ಹೊಣೆ, ಈತನನ್ನು ನಾವು ನಿಮ್ಮಲ್ಲಿಗೆ ಕಳುಹಿಸುತ್ತಿದ್ದೇವೆ ಎಂಬ ಅರ್ಥದಲ್ಲಿ ಆತನ ಪಂಥವು ಬರೆದುಕೊಟ್ಟ ಅನುಮೋದನಪತ್ರ. ಕ್ಯಾಥೊಲಿಕರು, ಲೂಥರನರು, ಯೆಹೂದ್ಯರು ಎಲ್ಲರೂ ಇಂತಹ ಪತ್ರವನ್ನು ಕೊಡುತ್ತಾರೆ. ಪೆಂತೆಕೋಸ್ತ್ ಸಭೆಗಳವರು ಕೊಡುವ ಪತ್ರವನ್ನೇ ಕುರಿತು ಇಲ್ಲಿ ಬರೆಯಹೊರಟಿರುವುದಕ್ಕೆ ಕಾರಣವುಂಟು. ಈ ಒಂದು ಕಾಗದದವರೆಗೆ ಬಂದು ಸೇರಲು ಅವರು ನಡೆದ ದಾರಿಯಷ್ಟು ದೀರ್ಘವಾದ ದಾರಿಯನ್ನು ಬೇರೆ ಪಂಥಗಳು ನಡೆದಂತೆ ತೋರುವುದಿಲ್ಲ.

ಪತ್ರದ ಅಗತ್ಯವು ಆ ದೇಶದ ಸಂವಿಧಾನದ ಮೊದಲನೆಯ ತಿದ್ದುಪಡಿಗೆ ಸಂಬಂಧಿಸಿದೆ. ಯಾರು ನಿಜವಾದ ಧರ್ಮಗುರು, ಯಾರು ಅಲ್ಲ ಎಂಬುದನ್ನು ನಿರ್ಣಯಿಸುವ ಅಧಿಕಾರ ಅಲ್ಲಿನ ಸರ್ಕಾರಕ್ಕಿಲ್ಲ. ಹೀಗಿದ್ದೂ ಸೈನ್ಯದಲ್ಲಿ, ಕಾರಾಗೃಹದಲ್ಲಿ, ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಧರ್ಮಗುರುಗಳನ್ನು ನೇಮಿಸಬೇಕಾದುದರಿಂದ, ಆ ನಿರ್ಣಯವನ್ನು ಅದು ಆಯಾ ಪಂಥಗಳಿಗೇ ಬಿಟ್ಟುಕೊಟ್ಟಿತು. ಖಾಸಗಿ ಆಸ್ಪತ್ರೆಗಳ ಚಾಪ್ಲಿನ್‌ಗಳಿಗೆ ಪ್ರಮಾಣಪತ್ರ ಕೊಡುವ ವೃತ್ತಿಮಂಡಳಿಯೂ ಇದೇ ಪದ್ಧತಿಯನ್ನು ಬಹುಕಾಲ ಅನುಸರಿಸಿಕೊಂಡು ಬಂದಿದೆ. ಸಭೆಯು ಯಾವುದೋ ಕಾರಣದಿಂದ ತನ್ನ ಅನುಮೋದನೆಯನ್ನು ಹಿಂತೆಗೆದುಕೊಂಡರೆ, ಎಷ್ಟೇ ವರ್ಷಗಳ ಅನುಭವವಿದ್ದರೂ, ಆ ಚಾಪ್ಲಿನ್ನನ ವೃತ್ತಿಯ ಆಧಾರವೇ ಕುಸಿಯುತ್ತದೆ.

ಈ ವಿಷಯದ ಕಡೆಗೆ ನನ್ನ ಮನಸ್ಸನ್ನು ಸೆಳೆದವನು ಪೆಂತೆಕೋಸ್ತ್ ಪಂಥದವನಲ್ಲದ ಒಬ್ಬ ವಿಚಿತ್ರ ಪುರುಷ. ಆತನ ಹೆಸರು ಆಂಟನ್ ಬಾಯ್ಸನ್. ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ನಿನಲ್ಲಿ 1876ರಲ್ಲಿ ಹುಟ್ಟಿದ ಆತನು ಮೊದಲು ಅರಣ್ಯಶಾಸ್ತ್ರವನ್ನು ಓದಿ ಅರಣ್ಯ ಇಲಾಖೆಯಲ್ಲಿ ಕೆಲಸಮಾಡಿ, ಅನಂತರ ದೇವಶಾಸ್ತ್ರಕ್ಕೆ ತಿರುಗಿ, ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಿಂದ 1911ರಲ್ಲಿ ಹೊರಬಂದು, ಕೆಲಕಾಲ ಹಳ್ಳಿಯ ಸಭೆಗಳಲ್ಲಿ ಪಾಲಕನಾಗಿದ್ದು ಅಲ್ಲಿಯೂ ನೆಲೆ ಕಾಣದೆ, 1920ರ ಅಕ್ಟೋಬರಿನಲ್ಲಿ, ತನ್ನ ವಿಶ್ವಾಸವೇನೆಂಬುದನ್ನು ಕಾಗದದ ಮೇಲೆ ಬರೆದಿಡಲು ಕುಳಿತಿದ್ದ ದಿನಗಳಲ್ಲೇ, ಲೋಕಪ್ರಳಯವು ಸಮೀಪಿಸಿತೆಂಬ ಭಯಂಕರ ಭಾವನೆಯ ಹೊಡೆತಕ್ಕೆ ಸಿಕ್ಕಿ ಚಿತ್ತಭ್ರಮಣೆಗೊಳಗಾದನು. ಮನೆಯವರು ಆತನನ್ನು ಆಸ್ಪತ್ರೆಗೆ ಸೇರಿಸಿದರು. ಮ್ಯಾಸಚೂಸೆಟ್ಸಿನ ವೆಸ್ಟ್‌ಬರೋ ಸರ್ಕಾರಿ ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ, ಬೀಗ ಹಾಕಿದ ಬಾಗಿಲುಗಳ ಹಿಂದೆ, ವರ್ಷಕ್ಕೂ ಮೀರಿದ ಕಾಲವನ್ನು ಆತನು ಕಳೆದನು.

ಅಲ್ಲಿಂದ ಬಿಡುಗಡೆಯಾದವರು ಸಾಮಾನ್ಯವಾಗಿ ಆ ಸ್ಥಳವನ್ನು ಮರೆಯಲು ಯತ್ನಿಸುತ್ತಾರೆ. ಬಾಯ್ಸನ್ನನು ಅಲ್ಲಿಗೇ ಮರಳಿಹೋಗಲು ದಾರಿ ಹುಡುಕತೊಡಗಿದನು. ತನ್ನ ಸುತ್ತ ಮಲಗಿದ್ದವರನ್ನೂ ತನ್ನನ್ನೂ ಸಮಾನವಾದ ಕುತೂಹಲದಿಂದ ಪರೀಕ್ಷಿಸಿ ಆತನು ಕಂಡುಕೊಂಡ ಸತ್ಯವಿದು: ಕೆಲವು ಬಗೆಯ ಉನ್ಮಾದಗಳು ದೇಹದ ರೋಗದಿಂದ ಬಂದವಲ್ಲ, ಬದುಕಿನಲ್ಲಿ ಒಡೆದುಹೋದ ಮನಸ್ಸು ತನ್ನನ್ನು ಮತ್ತೆ ಕಟ್ಟಿಕೊಳ್ಳಲು ಮಾಡುವ ಘೋರವಾದ ಪ್ರಯತ್ನವೇ ಹಾಗೆ ತೋರುತ್ತದೆ, ಪ್ರವಾದಿಗಳ ದರ್ಶನಕ್ಕೂ ಅದಕ್ಕೂ ಎಲ್ಲೋ ರಕ್ತಸಂಬಂಧವಿದೆ. ರೋಗಿಗಳನ್ನು ಜೀವಂತ ಗ್ರಂಥಗಳೆಂದು ಭಾವಿಸಿ ಓದಬೇಕೆಂದು ಆತನು ಬೋಧಿಸಿದನು. ದೇವಶಾಸ್ತ್ರದ ವಿದ್ಯಾರ್ಥಿಯೂ ವೈದ್ಯವಿದ್ಯಾರ್ಥಿಯಂತೆಯೇ ಆಸ್ಪತ್ರೆಯಲ್ಲಿ ಪಳಗಬೇಕೆಂದು ವಾದಿಸುತ್ತಿದ್ದ ಬಾಸ್ಟನ್ನಿನ ಹೆಸರಾಂತ ವೈದ್ಯ ರಿಚರ್ಡ್ ಕ್ಯಾಬಟ್ ಆತನ ಬೆನ್ನಿಗೆ ನಿಂತನು. 1924ರಲ್ಲಿ ವುಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯ ಮೇಲಧಿಕಾರಿ ವಿಲಿಯಂ ಬ್ರಯನ್ ಬಾಯ್ಸನ್ನನನ್ನು ಚಾಪ್ಲಿನ್ನನಾಗಿ ನೇಮಿಸಿಕೊಂಡನು. ಮರುವರ್ಷದ ಬೇಸಗೆಯಲ್ಲಿ ನಾಲ್ವರು ವಿದ್ಯಾರ್ಥಿಗಳು ಅಲ್ಲಿಗೆ ಬಂದು, ಹಗಲು ವಾರ್ಡಿನ ಪರಿಚಾರಕರಾಗಿ ದುಡಿದು, ಸಂಜೆ ತಾವು ಕಂಡುದನ್ನು ಕುರಿತು ಚರ್ಚಿಸಿದರು. ಇಂದು ಸಿ.ಪಿ.ಇ. (ಕ್ಲಿನಿಕಲ್ ಪ್ಯಾಸ್ಟೊರಲ್ ಎಜುಕೇಶನ್) ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಶಿಕ್ಷಣದ ಆರಂಭವು ಇದೇ. ಕಳವಳವನ್ನೂ ಶತ್ರುಭೀತಿಯನ್ನೂ ಕೆರಳಿಸುವ ಸ್ತುತಿಗೀತೆಗಳನ್ನು ತೆಗೆದುಹಾಕಿ, ಮನೋರೋಗಿಗಳಿಗೆ ಧೈರ್ಯ ತುಂಬುವ ಗೀತೆಗಳನ್ನು ಮಾತ್ರ ಆರಿಸಿ ಆತನು 1926ರಲ್ಲಿ ಸಿದ್ಧಪಡಿಸಿದ ಆಸ್ಪತ್ರೆಯ ಪ್ರಾರ್ಥನಾಪುಸ್ತಕವನ್ನು ನೆನೆದಾಗಲೆಲ್ಲ ಆ ಮನುಷ್ಯನ ಹೃದಯದ ಪರಿಚಯವು ನನಗಾಗುತ್ತದೆ. ಆಲಿಸ್ ಬ್ಯಾಚೆಲ್ಡರ್ ಎಂಬ ಮಹಿಳೆಯನ್ನು ಆತನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರೀತಿಸಿದನು; ಆಕೆ ಆತನನ್ನು ವರಿಸಲಿಲ್ಲ. 1930ರಲ್ಲಿ ಒಮ್ಮೆ, ಆಕೆ ತೀರಿಕೊಂಡ 1935ರಲ್ಲಿ ಮತ್ತೊಮ್ಮೆ, ಹಳೆಯ ವ್ಯಾಧಿ ಮರುಕಳಿಸಿತು. ಪ್ರತಿಸಲವೂ ಆತನು ಚೇತರಿಸಿಕೊಂಡು ತನ್ನ ರೋಗಿಗಳ ಬಳಿಗೆ ಹಿಂದಿರುಗಿದನು.

ಈತನೇ 1939ರಲ್ಲಿ ಮನೋವೈದ್ಯರ ಪತ್ರಿಕೆಯೊಂದರಲ್ಲಿ ಆರ್ಥಿಕ ಸಂಕಷ್ಟಕ್ಕೂ ಧಾರ್ಮಿಕ ಅನುಭವಕ್ಕೂ ಇರುವ ಸಂಬಂಧವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಮಹಾಕುಸಿತದ ಆ ದಶಕದಲ್ಲಿ ಕೆಲಸವಿಲ್ಲದ ಬಡವರ ಕೇರಿಗಳಲ್ಲಿ ಹಬ್ಬುತ್ತಿದ್ದ ಪವಿತ್ರತಾ ಮತ್ತು ಪೆಂತೆಕೋಸ್ತ್ ಸಭೆಗಳೇ ಅದರ ವಸ್ತು. ಸಭ್ಯರಾದ ಜನರು ಹೊರಳಾಡುವವರೆಂದು ಹೀನಾಯವಾಗಿ ಕರೆಯುತ್ತಿದ್ದ ಆ ಜನರ ಕೂಗನ್ನೂ ಕಂಪನವನ್ನೂ ಅನ್ಯಭಾಷೆಯ ಉಚ್ಚಾರಣೆಯನ್ನೂ ರೋಗಲಕ್ಷಣವೆಂದು ತಳ್ಳಿಹಾಕುವುದು ಒಬ್ಬ ವಿದ್ಯಾವಂತನಿಗೆ ಸುಲಭವಾಗಿದ್ದ ಕಾಲವದು. ಬಾಯ್ಸನ್ನನು ಅಲ್ಲಿ ವಾಸಿಮಾಡುವ ಶಕ್ತಿಯನ್ನು ಗುರುತಿಸಿದನು; ಎಲ್ಲವನ್ನೂ ಕಳೆದುಕೊಂಡವರಿಗೆ ಒಂದು ಬಳಗವನ್ನೂ ಭರವಸೆಯನ್ನೂ ಆ ಸಭೆಗಳು ಕೊಡುತ್ತಿದ್ದುವೆಂದು ಕಂಡನು. ಅವರ ದೃಷ್ಟಿ ಪರಲೋಕದ ಕಡೆಗೇ ನೆಟ್ಟುಹೋಗಿ ಸಮಾಜದ ಅನ್ಯಾಯವನ್ನು ಪ್ರಶ್ನಿಸದೆ ಉಳಿಯಿತೆಂಬ ಆಕ್ಷೇಪವನ್ನೂ ಆತನು ಮುಚ್ಚಿಡಲಿಲ್ಲ. ತಾನೇ ಹುಚ್ಚನೆನಿಸಿಕೊಂಡು ಬಂದವನು ಅನ್ಯರ ಆವೇಶವನ್ನು ಗೌರವದಿಂದ ನೋಡಿದ ಈ ಪ್ರಸಂಗವು ನನ್ನ ದೃಷ್ಟಿಯಲ್ಲಿ ಆ ಕಾಲದ ಧರ್ಮಚಿಂತನೆಯ ಉದಾತ್ತ ಘಟನೆಗಳಲ್ಲೊಂದು. ಆತನ ಪ್ರಬಂಧದ ವಸ್ತುವಾಗಿದ್ದ ಜನರ ಮಕ್ಕಳೂ ಮೊಮ್ಮಕ್ಕಳೂ ಮುಂದೆ ಆತನ ವಿದ್ಯೆಯನ್ನು ಕಲಿಯುವುದಕ್ಕೆಂದು ಆಸ್ಪತ್ರೆಯ ಮೆಟ್ಟಿಲನ್ನು ಹತ್ತಿದರು.

ಪೆಂತೆಕೋಸ್ತ್ ಪಂಥದ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವಂತಿಲ್ಲ. ದಾಸ್ಯದಿಂದ ಬಿಡುಗಡೆ ಹೊಂದಿದ ತಂದೆತಾಯಿಗಳ ಮಗನೂ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡಿದ್ದವನೂ ಆದ ವಿಲಿಯಂ ಸೀಮೋರ್ ಎಂಬ ಕಪ್ಪು ಬೋಧಕನು 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ನಡೆಸಿದ ಕೂಟಗಳಿಂದ ಅದು ಲೋಕಕ್ಕೆಲ್ಲ ಹರಡಿತೆಂದು ಹೇಳುವುದು ವಾಡಿಕೆ. ಅದಕ್ಕೆ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆಯ ಸಮೀಪದ ಕೇಡಗಾಂವಿನ ಮುಕ್ತಿ ಸದನದಲ್ಲಿ ಇಂತಹದೇ ಆತ್ಮೋಜ್ಜೀವನವು ನಡೆದಿತ್ತೆಂಬುದನ್ನೂ, ಆ ಸದನವನ್ನು ಕಟ್ಟಿದ ಪಂಡಿತಾ ರಮಾಬಾಯಿಯವರು ನಮ್ಮ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಜನಿಸಿದವರೆಂಬುದನ್ನೂ ಕನ್ನಡಿಗರು ನೆನೆಯಬೇಕು. ಅಮೆರಿಕದಲ್ಲಿ 1914ರಲ್ಲಿ ಸ್ಥಾಪಿತವಾದ ಅಸೆಂಬ್ಲೀಸ್ ಆಫ್ ಗಾಡ್ ಸಭೆಯು ಎರಡು ವರ್ಷಗಳ ತರುವಾಯ ಪ್ರಕಟಿಸಿದ ಮೂಲತತ್ತ್ವಗಳಲ್ಲಿ ದೈವಿಕ ಸ್ವಸ್ಥತೆಯೂ ಒಂದು. ಆರಂಭದ ಬೋಧಕರಲ್ಲಿ ಅನೇಕರು ಔಷಧವನ್ನು ಮುಟ್ಟುವುದೇ ಅವಿಶ್ವಾಸವೆಂದು ನಂಬಿದ್ದರು. ಎಣ್ಣೆ ಹಚ್ಚಿ, ಕೈಯಿಟ್ಟು ಪ್ರಾರ್ಥಿಸಿ ರೋಗಿಯನ್ನು ಎಬ್ಬಿಸುವುದೇ ಸೇವಕನ ಧರ್ಮವೆಂದು ತಿಳಿದಿದ್ದರು. ಕಾಲೇಜಿನ ಪದವಿಯನ್ನು ಆತ್ಮನನ್ನು ನಂದಿಸುವ ವಸ್ತುವೆಂದು ಶಂಕಿಸಿದವರೂ ಕಡಮೆಯಿರಲಿಲ್ಲ. ಅಸೆಂಬ್ಲೀಸ್ ಸಭೆಯವರು ಮಿಸ್ಸೂರಿಯ ಸ್ಪ್ರಿಂಗ್‌ಫೀಲ್ಡಿನಲ್ಲಿ ಸ್ನಾತಕೋತ್ತರ ದೇವಶಾಸ್ತ್ರದ ಶಾಲೆಯನ್ನು ತೆರೆಯುವ ವೇಳೆಗೆ 1973 ಬಂದಿತ್ತು.

ಇಂತಹ ಪರಂಪರೆಯಿಂದ ಬಂದ ಸೇವಕನು ಇಂದು ವೃತ್ತಿಮಂಡಳಿಯ ಪೂರ್ಣ ಪ್ರಮಾಣಪತ್ರವನ್ನು ಪಡೆಯಬೇಕಾದರೆ ಸ್ನಾತಕೋತ್ತರ ಪದವಿಯನ್ನು ಮುಗಿಸಿ, ತಲಾ 400 ಗಂಟೆಗಳ ನಾಲ್ಕು ಸಿ.ಪಿ.ಇ. ಘಟಕಗಳನ್ನು ಪೂರೈಸಿ, ಅದರ ಮೇಲೆ 2,000 ಗಂಟೆಗಳ ವೃತ್ತಿಯ ಅನುಭವವನ್ನು ತೋರಿಸಬೇಕು. ಸಭೆಯ ಕಡೆಯಿಂದ ಅನುಮೋದನೆಗಾಗಿ ನಡೆಯುವ ವಿಚಾರಣೆ ಬೇರೆ ಬಗೆಯದು. ಆತನು ದೀಕ್ಷೆ ಪಡೆದ ಸೇವಕನೇ, ಆತನ ಗೃಹಜೀವನ ಹೇಗಿದೆ, ದೇವರ ಕರೆ ಆತನಿಗೆ ಬಂದುದು ಹೇಗೆ, ಪರಧರ್ಮೀಯರ ನಡುವೆ ಕೆಲಸಮಾಡುವಾಗ ತನ್ನ ವಿಶ್ವಾಸವನ್ನು ಮರೆಮಾಚದೆಯೂ ಅನ್ಯರ ಮೇಲೆ ಹೇರದೆಯೂ ಇರಬಲ್ಲನೇ ಎಂಬುದನ್ನೆಲ್ಲ ಹಿರಿಯರು ವಿಚಾರಿಸುತ್ತಾರೆ. ಸ್ತ್ರೀಯರೂ ಈ ಸೇವೆಗೆ ಬರುತ್ತಾರೆ; ಅಸೆಂಬ್ಲೀಸ್ ಸಭೆಯು ಅವರಿಗೆ ಪೂರ್ಣದೀಕ್ಷೆಯನ್ನು 1935ರಲ್ಲಿಯೇ ತೆರೆದಿಟ್ಟಿತು.

ಸಿ.ಪಿ.ಇ. ಶಿಕ್ಷಣದ ತಿರುಳಿರುವುದು ಸಂಭಾಷಣೆಯ ಬರವಣಿಗೆಯಲ್ಲಿ. ವಿದ್ಯಾರ್ಥಿಯು ರೋಗಿಯೊಡನೆ ಆಡಿದ ಮಾತನ್ನು ನೆನಪಿನಿಂದ, ಮಾತಿಗೆ ಮಾತು, ಮೌನವನ್ನೂ ಬಿಡದೆ ಬರೆದುತಂದು ಸಹಪಾಠಿಗಳ ಮುಂದೆ ಓದಬೇಕು. ರೋಗಿಯು ತನ್ನ ಮಗಳ ವಿಚಾರವಾಗಿ ಹೇಳಲು ಬಾಯ್ದೆರೆದಾಗ ನೀನು ಪ್ರಾರ್ಥನೆಗೆ ತೊಡಗಿದುದೇಕೆ? ಆ ಪ್ರಾರ್ಥನೆ ಆತನಿಗೆ ಬೇಕಾಗಿದ್ದಿತೇ, ಅಥವಾ ಕೋಣೆಯ ದುಃಖವನ್ನು ತಾಳಲಾರದೆ ನಿನಗೇ ಬೇಕಾಯಿತೇ? ಗಟ್ಟಿಯಾಗಿ ಪ್ರಾರ್ಥಿಸುವುದನ್ನೇ ಬಾಲ್ಯದಿಂದ ಸೇವೆಯೆಂದು ಕಲಿತ ಪೆಂತೆಕೋಸ್ತ್ ಯುವಕನಿಗೆ ಇಂತಹ ಪ್ರಶ್ನೆಗಳು ಎಷ್ಟು ಆಳವಾಗಿ ತಾಗುವುವೆಂಬುದನ್ನು ಊಹಿಸಬಹುದು. ಪ್ರಶ್ನೆಗಳನ್ನು ತಾಳಿಕೊಂಡು ಹೊರಬಂದವನ ಪ್ರಾರ್ಥನೆ ಕಡಮೆಯಾಗುವುದಿಲ್ಲ; ಅದು ಕೇಳಿದ ಮೇಲೆ ಹುಟ್ಟುವ ಪ್ರಾರ್ಥನೆಯಾಗುತ್ತದೆ.

ಅಮೆರಿಕದಲ್ಲಿ ಹಾಸ್ಪೈಸ್ ಸೇವೆಗೆ ಸರ್ಕಾರಿ ವಿಮೆಯ ನೆರವನ್ನು ಒದಗಿಸುವ ಕಾನೂನು 1982ರಲ್ಲಿ ಬಂದಿತು. ಆರು ತಿಂಗಳಿಗಿಂತ ಹೆಚ್ಚು ಆಯುಷ್ಯವಿಲ್ಲವೆಂದು ವೈದ್ಯರು ಹೇಳಿದವರಿಗಾಗಿ ಇರುವ ಈ ಸೇವೆಯ ತಂಡದಲ್ಲಿ ವೈದ್ಯ, ದಾದಿ, ಸಮಾಜಸೇವಕರೊಡನೆ ಧಾರ್ಮಿಕ ಅಥವಾ ಅನ್ಯ ಸಲಹೆಗಾರನೊಬ್ಬನು ಇರಲೇಬೇಕೆಂಬುದು ನಿಯಮ. ಸ್ವಸ್ಥತೆಯನ್ನು ಸಾರುವ ಪಂಥದ ಸೇವಕನು ಸ್ವಸ್ಥತೆಯ ನಿರೀಕ್ಷೆಯೇ ಇಲ್ಲದ ಮನೆಗೆ ಹೋಗಿ ಮಾಡುವುದೇನು ಎಂಬ ಪ್ರಶ್ನೆಯು ಸಹಜವೇ. ಅದಕ್ಕೆ ಉತ್ತರದ ಒಂದಂಶವು 2013ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ದೊರೆಯುತ್ತದೆ. ವಿಷಮಾವಸ್ಥೆಯ ಕ್ಯಾನ್ಸರ್ ರೋಗಿಗಳಲ್ಲಿ, ತಮ್ಮ ಧಾರ್ಮಿಕ ಬಳಗದಿಂದ ಹೆಚ್ಚಿನ ಆಸರೆ ಪಡೆದವರು ಹಾಸ್ಪೈಸ್ ಸೇವೆಯನ್ನು ಆಶ್ರಯಿಸಿದುದು ಕಡಮೆ. ಕೊನೆಯ ವಾರದಲ್ಲಿ ತೀವ್ರನಿಗಾ ಘಟಕದ ಚಿಕಿತ್ಸೆಗೆ ಒಳಗಾದುದು ಹೆಚ್ಚು. ಆಸ್ಪತ್ರೆಯ ತಂಡವೇ ಆತ್ಮಿಕ ಆರೈಕೆಯನ್ನು ಕೊಟ್ಟಲ್ಲಿ, ಅದೇ ಭಕ್ತರಲ್ಲಿ ಹಾಸ್ಪೈಸಿನ ಕಡೆಗೆ ಒಲವು ಹೆಚ್ಚಿತು. ಅದ್ಭುತಕ್ಕಾಗಿ ಉಪವಾಸವಿರುವ ತಾಯಿಗೆ, ಯಂತ್ರವನ್ನು ನಿಲ್ಲಿಸುವುದು ದೇವರನ್ನು ನಿರಾಕರಿಸಿದಂತಾಗುವುದಿಲ್ಲವೆಂದು ವೈದ್ಯನು ಹೇಳಿದರೆ ಆಕೆ ನಂಬಲಾರಳು. ಆಕೆಯ ಹಾಡುಗಳನ್ನು ಬಲ್ಲವನು, ತಾನೂ ಅದ್ಭುತವನ್ನು ನಂಬಿದವನು, ಆಕೆಯದೇ ಸಭೆಯ ಮುದ್ರೆಯನ್ನು ಹೊತ್ತು ಬಂದವನು ಹೇಳಿದರೆ ಕಿವಿಗೊಟ್ಟಾಳು. ಅನುಮೋದನಪತ್ರದ ನಿಜವಾದ ಬೆಲೆಯನ್ನು ನಾನು ಕಾಣುವುದು ಇಲ್ಲಿಯೇ.

ಬೆಲೆಗೆ ತಕ್ಕ ಮನ್ನಣೆ ದೊರೆತಿಲ್ಲವೆಂಬುದು ವ್ಯಸನದ ಸಂಗತಿ. ವೇದಿಕೆಯಿಲ್ಲದ, ಭಾನುವಾರದ ಸಭೆಯಿಲ್ಲದ, ಆತ್ಮಗಳನ್ನು ಗೆದ್ದ ಲೆಕ್ಕವನ್ನೊಪ್ಪಿಸಲಾಗದ ಈ ಸೇವಕರು ಸ್ವಂತ ಪಂಥದಲ್ಲಿ ಅರ್ಧಸೇವಕರಂತೆ ಕಾಣಬೇಕಾಗುತ್ತದೆ. ಆಸ್ಪತ್ರೆಯ ಸಹೋದ್ಯೋಗಿಗಳಾದರೋ, ಇವರು ಯಾವಾಗ ಮತಪ್ರಚಾರಕ್ಕೆ ಇಳಿಯುವರೋ ಎಂಬ ಅಳುಕಿನಿಂದ ನೋಡುತ್ತಾರೆ. ಯಾವ ಕೇಂದ್ರಸಂಸ್ಥೆಗೂ ಸೇರದ ಸ್ವತಂತ್ರ ಸಭೆಗಳವರ ಪಾಡು ಇನ್ನೂ ಕಠಿನ: ಪತ್ರವನ್ನು ಬರೆದುಕೊಡಲು ಅವರಿಗೆ ಮೇಲಿನವರೇ ಇಲ್ಲ. ಅಂತಹವರಿಗಾಗಿಯೇ 1984ರಲ್ಲಿ ಟೆಕ್ಸಾಸಿನಲ್ಲಿ ಪೂರ್ಣಸುವಾರ್ತಾ ಸಭೆಗಳ ಚಾಪ್ಲಿನ್ ಸಂಸ್ಥೆಯೊಂದು ಹುಟ್ಟಿತು. ಖರ್ಚನ್ನು ಕಡಿಮೆಮಾಡುವ ಮಾತು ಬಂದಾಗ ಆಸ್ಪತ್ರೆಯ ಆಡಳಿತದ ಕಣ್ಣು ಈ ವಿಭಾಗದ ಮೇಲೆ ಬೀಳುವುದು ಸುಲಭ, ಏಕೆಂದರೆ ಕುಳಿತು ಕೇಳಿದುದಕ್ಕೆ ಬಿಲ್ಲು ಬರೆಯುವ ಕ್ರಮವಿಲ್ಲ.

ಬಾಯ್ಸನ್ನನು ಇಲಿನಾಯ್ ರಾಜ್ಯದ ಎಲ್ಗಿನ್ನಿನಲ್ಲಿ, ತಾನು 1932ರಿಂದ ಸೇವೆಮಾಡಿದ ಮಾನಸಿಕ ಆಸ್ಪತ್ರೆಯ ಆಸರೆಯಲ್ಲಿ, 1965ರಲ್ಲಿ ತೀರಿಕೊಂಡನು. ಆತನ ವಿದ್ಯೆ ನಮ್ಮ ನೆರೆಗೂ ಬಂದಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿಯೂ ಚಾಪ್ಲಿನ್‌ಗಳು ಸೇವೆಮಾಡುತ್ತಿದ್ದಾರೆ. ಬೆಂಗಳೂರಿನ ಕರುಣಾಶ್ರಯವು 1999ರಿಂದ ಕ್ಯಾನ್ಸರ್ ರೋಗಿಗಳ ಕೊನೆಯ ದಿನಗಳಿಗೆ ನೆಲೆಯಾಗಿದೆ. ನಗರದ ಬಡಾವಣೆಗಳಲ್ಲಿ ಕನ್ನಡದಲ್ಲಿ ಆರಾಧನೆ ನಡೆಸುವ ಪೆಂತೆಕೋಸ್ತ್ ಸಭೆಗಳೂ ವಿರಳವಲ್ಲ. ಆ ಸಭೆಗಳ ಪಾಲಕರಲ್ಲಿ ನನ್ನದೊಂದು ವಿನಂತಿ: ರೋಗಿಯನ್ನು ನೋಡಲು ನೀವು ಹೋಗುತ್ತಲೇ ಇದ್ದೀರಿ, ಇನ್ನು ಮುಂದೆ ನಿಮ್ಮ ಯುವಸೇವಕರಲ್ಲಿ ಕೇಳುವ ಗುಣವುಳ್ಳ ಒಬ್ಬರನ್ನಾದರೂ ಆರಿಸಿ, ಆಸ್ಪತ್ರೆಯಲ್ಲಿ ಕ್ರಮವಾಗಿ ಕಲಿಯಲು ಬಿಟ್ಟು, ಕಲಿತವನ ಹೊಣೆಯನ್ನು ನಿಮ್ಮ ಸಹಿಯೊಡನೆ ಬರೆದುಕೊಡಿರಿ.