ನಡುರಸ್ತೆಯಲ್ಲಿ ಕೈಕೊಡುವ ಬೈಕು: ಕೇಳೋರು ಯಾರು?

"ಓಡ್ತಾ ಓಡ್ತಾನೇ ಇಂಜಿನ್ ಆಫ್ ಆಗುತ್ತೆ ಸ್ವಾಮಿ, ಹಿಂದೆ ಕಬ್ಬಿನ ಲಾರಿ ಬರ್ತಿರುತ್ತೆ." "ಏನೂ ಆಗಿಲ್ಲ, ಓಡಿಸ್ಕೊಳ್ಳಿ." ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆಯ ಬೈಕ್ ಸವಾರರಿಗೆ ಈ ಸವಾಲ್-ಜವಾಬು ಹೊಸದೇನಲ್ಲ. ಸಾಲ ಮಾಡಿ ತಂದ ಗಾಡಿ. ನಂಬಿ ಹತ್ತೋದು ಹೇಗೆ?

ಇಂಥ ದೂರೆಲ್ಲ ಸವಾರನ ಭ್ರಮೆ ಅಂತ ತಳ್ಳಿಹಾಕುವಂತಿಲ್ಲ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯೇ ಇಗ್ನಿಷನ್ ಕಾಯಿಲ್ ದೋಷವೆಂದು 2,36,966 ಬೈಕುಗಳನ್ನು ವಾಪಸು ಕರೆಯಿತು. ಕಾಯಿಲ್ ಕೆಟ್ಟರೆ ಕಿಡಿ ತಪ್ಪುತ್ತೆ, ಇಂಜಿನ್ ಮುಗ್ಗರಿಸುತ್ತೆ.

ಕಾನೂನೂ ಇದೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ಏಳು ವರ್ಷದೊಳಗಿನ ಗಾಡಿಯಲ್ಲಿ ಸುರಕ್ಷತೆಯ ದೋಷವಿದ್ದು ನಿಗದಿತ ಸಂಖ್ಯೆಯ ಮಾಲೀಕರು ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ದೂರಿತ್ತರೆ, ಕೇಂದ್ರ ಸರ್ಕಾರ ವಾಪಸಾತಿಗೆ ಆದೇಶಿಸಬಹುದು. ದಂಡ 1 ಕೋಟಿ ರೂಪಾಯಿವರೆಗೆ.

ಆದರೆ ಮೆಕ್ಯಾನಿಕ್ ಮುಂದೆ ಬಾಯಲ್ಲಿ ಹೇಳಿದ್ದು ಈ ಲೆಕ್ಕಕ್ಕೆ ಬರೋದಿಲ್ಲ. ಪ್ರತಿ ಸಲವೂ ಜಾಬ್ ಕಾರ್ಡಿನಲ್ಲಿ ದೋಷ ಬರೆಸಿ, ನಕಲು ಇಟ್ಟುಕೊಳ್ಳಬೇಕು. ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಗಾಡಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು, ಕೈಯಲ್ಲಿ ಆ ಜಾಬ್ ಕಾರ್ಡ್ ಇರಬೇಕು.