ದಾಖಲಾತಿ ಪುಸ್ತಕದ ಪಟಗಳನ್ನು ಸಾಗಿಸುವ ಕ್ರಮ

ಹೆಸರುಗಳೂ ಜನ್ಮದಿನಗಳೂ ಕ್ಷಣಮಾತ್ರದಲ್ಲಿ ಹೊಸ ದತ್ತಸಂಚಯವನ್ನು ಸೇರುತ್ತಿರಲು, ದಾಖಲಾತಿ ಪುಸ್ತಕದ ಪುಟಗಳ ಪಟಗಳಿಗೆ ಮಾತ್ರ ಇಷ್ಟು ಜಾಗ್ರತೆಯೇಕೆಂದು ಪೋಷಕರು ಕೆಲವರು ನಮ್ಮನ್ನು ಕೇಳಿರುತ್ತಾರೆ. 1965ರಲ್ಲಿ ಪೂರ್ಣಗೊಂಡ ಭದ್ರಾ ಅಣೆಕಟ್ಟಿನ ನೀರಿನಲ್ಲಿ ಲಕ್ಕವಳ್ಳಿಯ ಮೇಲಣ ಊರುಗಳು ಮುಳುಗಿದುವು. ಅಲ್ಲಿಂದ ಒಕ್ಕಲೆದ್ದ ಮನೆಗಳ ಹೆಣ್ಣುಮಕ್ಕಳಿಗೆ, ಯಾವುದೋ ಶಾಲೆಯ ಪುಸ್ತಕದಲ್ಲಿ ಬರೆದ ಒಂದು ಸಾಲೇ ಹುಟ್ಟಿದ ದಿನಕ್ಕೂ ಊರಿಗೂ ಸಾಕ್ಷಿಯಾಗಿ ಉಳಿದಿರಬಹುದು. ಆದುದರಿಂದ ಈ ವಿಷಯವನ್ನು ವಿವರಿಸುವುದು ಉಚಿತವೆಂದೆಣಿಸುತ್ತೇವೆ.

ಗಣಕಯಂತ್ರಕ್ಕೆ ಅಕ್ಷರವೂ ಪಟವೂ ಬೈಟುಗಳ ಸಾಲು ಮಾತ್ರವೇ; ಒಂದೊಂದು ಬೈಟೂ 0ಯಿಂದ 255ರ ವರೆಗಿನ ಒಂದು ಅಂಕಿ. ನಮ್ಮೂರಿನ ಹೆಸರಿನ ಮೊದಲಕ್ಷರವಾದ 'ಲ'ವು ಯುಟಿಎಫ್-8 ಕ್ರಮದಲ್ಲಿ 224, 178, 178 ಎಂದಾಗುತ್ತದೆ. ಜೆಪೆಗ್ ಪಟವಾದರೋ 255, 216 ಎಂದು ಆರಂಭವಾಗುವುದು. ಯುಟಿಎಫ್-8 ಬರಹದಲ್ಲಿ 255 ಎಂಬ ಬೈಟು ಎಂದಿಗೂ ಬರಲಾರದು. ಸಾಗಿಸುವ ಸಾಧನವು ಪಟವನ್ನು ಬರಹವೆಂದು ಭ್ರಮಿಸಿದರೆ, ಅದನ್ನು ತಪ್ಪೆಂದು ತಿಳಿದು ಅದರ ಸ್ಥಳದಲ್ಲಿ 239, 191, 189 ಎಂಬ ಪರ್ಯಾಯಚಿಹ್ನೆಯನ್ನು ಇಡುವುದುಂಟು. ಬೇರೆ ಬೇರೆ ಬೈಟುಗಳು ಒಂದೇ ಚಿಹ್ನೆಯಾಗಿಬಿಡುವುದರಿಂದ, ಆ ಪ್ರತಿಯಿಂದ ಮೂಲವನ್ನು ಮರಳಿ ಪಡೆಯುವ ಉಪಾಯವೇ ಇಲ್ಲ. ಕನ್ನಡದ ಹೆಸರು ಕೆಟ್ಟರೆ ಕಣ್ಣಿಗೆ ಕಾಣುವುದು. ಪಟ ಕೆಟ್ಟುದು, ಯಾರಾದರೂ ಅದನ್ನು ತೆರೆಯುವವರೆಗೆ ತಿಳಿಯದು. ನಮಗೆ ಇದೇ ಹೆಚ್ಚು ಭಯದ ಸಂಗತಿಯಾಗಿ ತೋರುತ್ತದೆ.

ಇದಕ್ಕಾಗಿ ಒಂದೊಂದು ಬೈಟನ್ನೂ ಹದಿನಾರರ ಎಣಿಕೆಯ ಎರಡೆರಡು ಸಾಮಾನ್ಯ ಚಿಹ್ನೆಗಳಾಗಿ ಬರೆದು ಸಾಗಿಸುತ್ತೇವೆ. ಹೊರೆ ಇಮ್ಮಡಿಯಾಗುತ್ತದೆ, ಆಗಲಿ. ನಾವು ಬಿಡುತ್ತಿರುವ ಪೋಸ್ಟ್‌ಗ್ರೆಸ್ ಇಂಥ ಬರಹದ ಮುಂದೆ ಓರೆಗೆರೆಯನ್ನೂ ಎಕ್ಸ್ ಅಕ್ಷರವನ್ನೂ ಹಚ್ಚುತ್ತದೆ. ಅವನ್ನು ತೆಗೆಯದೆ ಒಪ್ಪಿಸಿದರೆ, ಮೈಎಸ್‌ಕ್ಯೂಎಲ್‌ನ ಅನ್‌ಹೆಕ್ಸ್ ಕ್ರಿಯೆಯಿಂದ ಪಟವು ದೊರೆಯುವುದಿಲ್ಲ, ಬರಿದಾದ ಉತ್ತರ ದೊರೆಯುತ್ತದೆ.

ಪಾತ್ರೆಯ ಅಳತೆಯನ್ನೂ ನೋಡತಕ್ಕುದು. ಮೈಎಸ್‌ಕ್ಯೂಎಲ್‌ನಲ್ಲಿ ಬ್ಲಾಬ್ ಎಂಬ ಅಂಕಣವು 65,535 ಬೈಟುಗಳಿಗಿಂತ ಹೆಚ್ಚನ್ನು ಹಿಡಿಯದು; ಒಂದು ಪುಟದ ಪಟವು ಸಾಮಾನ್ಯವಾಗಿ ಅದನ್ನು ಮೀರುತ್ತದೆ. ಕಟ್ಟುನಿಟ್ಟಿನ ವ್ಯವಸ್ಥೆಯಿಲ್ಲದಿದ್ದಲ್ಲಿ ಬಾಲವನ್ನು ಕತ್ತರಿಸಿ, ಒಂದು ಎಚ್ಚರಿಕೆಯನ್ನು ಮಾತ್ರ ಕೊಟ್ಟು ಮುಂದುವರಿಯುತ್ತದೆ. ಆಗ ಪುಟದ ಮೇಲ್ಭಾಗ ಕಾಣುವುದು, ಕೆಳಗಿನ ಸಾಲುಗಳು ಬೂದಿಬಣ್ಣ! ಆದ ಕಾರಣ ಒಂದು ಕೋಟಿ ಅರುವತ್ತೇಳು ಲಕ್ಷಕ್ಕೂ ಮಿಕ್ಕ ಬೈಟುಗಳನ್ನು ಹಿಡಿಯುವ ಮೀಡಿಯಂಬ್ಲಾಬನ್ನು ಆರಿಸಿದ್ದೇವೆ.

ಕಡೆಗೆ, ಪ್ರತಿ ಪಟಕ್ಕೂ ಎರಡೂ ಕಡೆಗಳಲ್ಲಿ ಷಾ-256 ಎಂಬ ಲೆಕ್ಕವನ್ನು ಮಾಡಿಸಿ, ಬಂದ 64 ಚಿಹ್ನೆಗಳನ್ನು ಹೋಲಿಸುತ್ತೇವೆ. ಒಂದು ಬೈಟು ವ್ಯತ್ಯಾಸವಾದರೂ ಉತ್ತರ ಬೇರೆಯಾಗುತ್ತದೆ. ಹೊಂದದ ಪಟಗಳನ್ನು ಪುನಃ ಕಳುಹಿಸುತ್ತೇವೆ. ಎಲ್ಲವೂ ಹೊಂದುವವರೆಗೆ ಹಳೆಯ ದತ್ತಸಂಚಯವನ್ನು ಅಳಿಸುವುದಿಲ್ಲ. ಕಾಗದದ ಪುಸ್ತಕವಂತೂ ಬೀರುವಿನಲ್ಲೇ ಇರುವುದು.