ಹಳೆಯ ಆಸ್ಪತ್ರೆ ಆವರಣದ ಪುನರಭಿವೃದ್ಧಿ: ನಕ್ಷೆ ಅಂತಿಮವಾಗುವ ಮುನ್ನವೇ ಜನಾಭಿಪ್ರಾಯ

(ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಮಾಹಿತಿಗಾಗಿ)

ಗ್ರಾಮೀಣ ಪ್ರದೇಶದ ಹಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳು ದಶಕಗಳ ಹಿಂದೆ ನಿರ್ಮಿಸಿದ ಕಟ್ಟಡಗಳಲ್ಲಿಯೇ ಕಾರ್ಯನಿರ್ವಹಿಸುತ್ತಿವೆ. ಮಳೆಗಾಲದಲ್ಲಿ ಸೋರುವ ತಾರಸಿ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉದುರುವ ಕಾಂಕ್ರೀಟು, ಮೆಟ್ಟಿಲು ಹತ್ತಿಯೇ ಹೋಗಬೇಕಾದ ಹೊರರೋಗಿ ವಿಭಾಗ, ವಾಸಯೋಗ್ಯವಲ್ಲದ ಸಿಬ್ಬಂದಿ ವಸತಿಗೃಹ ಇವು ಅಂತಹ ಆವರಣಗಳ ಸಾಮಾನ್ಯ ಲಕ್ಷಣಗಳು. ಪುನರಭಿವೃದ್ಧಿಗೆ ಅನುದಾನ ದೊರೆತಾಗ ಊರಿನಲ್ಲಿ ಸಂತಸ ಮೂಡುವುದು ಸಹಜ. ಆದರೆ ಹಳೆಯ ಕಟ್ಟಡವನ್ನು ಕೆಡವಿದ ಮರುದಿನ ಜ್ವರ ಬಂದ ಮಗುವನ್ನು ಎಲ್ಲಿಗೆ ಕರೆದೊಯ್ಯಬೇಕು, ನಡುರಾತ್ರಿ ಹೆರಿಗೆ ನೋವು ಕಾಣಿಸಿದರೆ ಯಾವ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆಗಳಿಗೆ ಕಟ್ಟಡದ ನಕ್ಷೆಯಲ್ಲಿ ಉತ್ತರವಿರುವುದಿಲ್ಲ. ಆವರಣವನ್ನು ನಿತ್ಯ ಬಳಸುವ ಜನರನ್ನು ಸಕಾಲದಲ್ಲಿ ಕೇಳಿದರೆ ಮಾತ್ರ ಉತ್ತರ ದೊರೆಯುತ್ತದೆ. ಈ ಸಮಾಲೋಚನೆಯನ್ನು ನಡೆಸುವ ಕ್ರಮವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

1. ಗ್ರಾಮ ಪಂಚಾಯತಿಯ ಪಾತ್ರ

ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಅವುಗಳಲ್ಲಿ 23ನೆಯದು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಔಷಧಾಲಯಗಳನ್ನೊಳಗೊಂಡ ಆರೋಗ್ಯ ಹಾಗೂ ನೈರ್ಮಲ್ಯ. ಕಟ್ಟಡದ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ ಮತ್ತು ಟೆಂಡರ್ ಪ್ರಕ್ರಿಯೆಗಳು ಸಂಬಂಧಿಸಿದ ಇಲಾಖೆಗಳ ಹೊಣೆಯಾಗಿದ್ದರೂ, ಜನರ ಅಗತ್ಯಗಳನ್ನು ಕ್ರಮಬದ್ಧವಾಗಿ ಸಂಗ್ರಹಿಸಿ ಸಕಾಲದಲ್ಲಿ ತಲುಪಿಸುವ ಕಾರ್ಯವನ್ನು ಗ್ರಾಮ ಪಂಚಾಯತಿಯಷ್ಟು ಸಮರ್ಥವಾಗಿ ಬೇರಾವ ಸಂಸ್ಥೆಯೂ ಮಾಡಲಾರದು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅಡಿಯಲ್ಲಿ ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಿರುವುದು ಇದೇ ಉದ್ದೇಶಕ್ಕಾಗಿ.

2. ಸಮಾಲೋಚನೆಯ ನಾಲ್ಕು ಒರೆಗಲ್ಲುಗಳು

ಸಭೆ ನಡೆಸಿದ ಮಾತ್ರಕ್ಕೆ ಸಮಾಲೋಚನೆ ನಡೆದಂತಾಗುವುದಿಲ್ಲ. ಈ ಪ್ರಶ್ನೆಯನ್ನು ಇಂಗ್ಲೆಂಡಿನ ನ್ಯಾಯಾಲಯವೊಂದು 1985ರಲ್ಲಿ ಪರಿಶೀಲಿಸಿತ್ತು. ಲಂಡನ್ನಿನ ಬ್ರೆಂಟ್ ಪ್ರದೇಶದ ಸ್ಥಳೀಯ ಆಡಳಿತವು ಶಾಲೆಗಳನ್ನು ಮುಚ್ಚುವ ಪ್ರಸ್ತಾವದ ಬಗ್ಗೆ ಪೋಷಕರೊಡನೆ ಸಮಾಲೋಚಿಸಿದ ರೀತಿ ಸರಿಯೇ ಎಂಬುದು ಅಲ್ಲಿನ ವಿವಾದವಾಗಿತ್ತು. ಆ ಪ್ರಕರಣದಲ್ಲಿ ಅಂಗೀಕೃತವಾದ ನಾಲ್ಕು ಅಂಶಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಿತು. ಅವು ಕರ್ನಾಟಕದ ಪಂಚಾಯತಿಗಳಿಗೆ ಕಾನೂನಾಗಿ ಅನ್ವಯಿಸುವುದಿಲ್ಲವಾದರೂ ಒರೆಗಲ್ಲಾಗಿ ಉಪಯುಕ್ತವಾಗಿವೆ:

(ಅ) ಪ್ರಸ್ತಾವವು ಇನ್ನೂ ರೂಪುಗೊಳ್ಳುತ್ತಿರುವ ಹಂತದಲ್ಲಿಯೇ ಜನರನ್ನು ಕೇಳಬೇಕು.
(ಆ) ವಿಚಾರ ಮಾಡಿ ಉತ್ತರಿಸಲು ಬೇಕಾದಷ್ಟು ಕಾರಣ ಮತ್ತು ಮಾಹಿತಿಯನ್ನು ನೀಡಬೇಕು.
(ಇ) ಉತ್ತರಿಸಲು ಸಾಕಷ್ಟು ಕಾಲಾವಕಾಶವಿರಬೇಕು.
(ಈ) ಬಂದ ಅಭಿಪ್ರಾಯವನ್ನು ಅಂತಿಮ ತೀರ್ಮಾನದ ವೇಳೆ ಪ್ರಾಮಾಣಿಕವಾಗಿ ಪರಿಗಣಿಸಬೇಕು.

ಇವುಗಳಲ್ಲಿ ಮೊದಲನೆಯದು ಅತಿ ಮುಖ್ಯ. ಟೆಂಡರ್ ಆದ ಬಳಿಕ ಬರುವ ಉತ್ತಮ ಸಲಹೆಯೂ ಹೆಚ್ಚುವರಿ ವೆಚ್ಚವಾಗಿ ಪರಿಣಮಿಸುತ್ತದೆ. ನಕ್ಷೆಯು ಕರಡು ಹಂತದಲ್ಲಿದ್ದಾಗ ಅದೇ ಸಲಹೆಯನ್ನು ಒಂದು ಗೆರೆ ಬದಲಿಸಿ ಅಳವಡಿಸಬಹುದು. ಭೂಮಿಪೂಜೆಯ ದಿನ ಕರೆಯುವ ಸಭೆಯು ಸಮಾಲೋಚನೆಯಲ್ಲ, ಸಮಾರಂಭ.

3. ಚರ್ಚೆಗೆ ಮುಕ್ತವಾದುದು, ಮುಕ್ತವಲ್ಲದುದು

ಎಲ್ಲವನ್ನೂ ಜನರೇ ತೀರ್ಮಾನಿಸಬಹುದೆಂಬ ಭಾವನೆ ಮೂಡಿಸಿ, ನಂತರ ಇಲಾಖೆಯ ನಿಯಮವನ್ನು ತೋರಿಸುವುದು ವಿಶ್ವಾಸಕ್ಕೆ ಧಕ್ಕೆ ತರುತ್ತದೆ. ಆದ್ದರಿಂದ ಸಭೆಯ ಆರಂಭದಲ್ಲಿಯೇ ಎರಡು ಪಟ್ಟಿಗಳನ್ನು ಓದಿ ಹೇಳತಕ್ಕದ್ದು.

ಕೇಂದ್ರದಲ್ಲಿ ಇರಬೇಕಾದ ಕೊಠಡಿ, ಸೇವೆ ಮತ್ತು ಸಿಬ್ಬಂದಿಯನ್ನು ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು ನಿರ್ದೇಶಿಸುತ್ತವೆ. ಗ್ರಾಮ ಸಭೆಯ ನಿರ್ಣಯವೊಂದರಿಂದಲೇ ಪ್ರಾಥಮಿಕ ಆರೋಗ್ಯ ಕೇಂದ್ರವು ಸಮುದಾಯ ಆರೋಗ್ಯ ಕೇಂದ್ರವಾಗುವುದಿಲ್ಲ. ಕಟ್ಟಡದ ಸದೃಢತೆಯನ್ನು ಎಂಜಿನಿಯರರ ವರದಿ ನಿರ್ಧರಿಸಬೇಕೇ ಹೊರತು ಕೈ ಎತ್ತಿಸಿ ಪಡೆಯುವ ಬಹುಮತವಲ್ಲ.

ಇದಕ್ಕೆ ಭಿನ್ನವಾಗಿ, ಕಟ್ಟಡವು ಆವರಣದ ಯಾವ ಭಾಗದಲ್ಲಿರಬೇಕು, ಗೇಟು ಯಾವ ರಸ್ತೆಗೆ ತೆರೆಯಬೇಕು, ಕಾಮಗಾರಿಯ ಅವಧಿಯಲ್ಲಿ ಚಿಕಿತ್ಸೆ ಎಲ್ಲಿ ದೊರೆಯಬೇಕು, ಜನ ಬಳಸುವ ಕಾಲುದಾರಿ, ಬಾವಿ ಮತ್ತು ಮರಗಳ ಗತಿಯೇನು, ರೋಗಿಗಳ ಜೊತೆ ಬಂದವರು ಎಲ್ಲಿ ಕೂರಬೇಕು ಎಂಬ ವಿಷಯಗಳು ಚರ್ಚೆಗೆ ಮುಕ್ತವಾಗಿವೆ.

4. ಯಾರ ಅಭಿಪ್ರಾಯ ಪಡೆಯಬೇಕು

ಮಾನದಂಡದ ಪ್ರಕಾರ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವು ಬಯಲು ಪ್ರದೇಶದಲ್ಲಿ 30,000 ಹಾಗೂ ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗಾಗಿ ಇರುತ್ತದೆ. ಗ್ರಾಮ ಪಂಚಾಯತಿಯ ಜನಸಂಖ್ಯೆಯನ್ನು ಅಧಿನಿಯಮವು ಸಾಮಾನ್ಯವಾಗಿ 5,000ದಿಂದ 7,000ದವರೆಗೆ ಕಲ್ಪಿಸಿದೆ. ಅಂದರೆ ಒಂದು ಆಸ್ಪತ್ರೆಯನ್ನು ನಾಲ್ಕೈದು ಪಂಚಾಯತಿಗಳ ಜನ ಅವಲಂಬಿಸಿರುತ್ತಾರೆ. ಆಸ್ಪತ್ರೆ ಇರುವ ಊರಿನ ಗ್ರಾಮ ಸಭೆಯೊಂದೇ ಮಾತನಾಡಿದರೆ, ಅತಿ ದೂರದಿಂದ ಬರುವವರ ಕಷ್ಟ ದಾಖಲಾಗುವುದೇ ಇಲ್ಲ. ಆತಿಥೇಯ ಪಂಚಾಯತಿಯು ನೆರೆಯ ಪಂಚಾಯತಿಗಳಿಗೆ ಪತ್ರ ಬರೆದು, ಉಪಕೇಂದ್ರವಾರು ಅಭಿಪ್ರಾಯ ತರಿಸಿಕೊಳ್ಳುವುದು ಸೂಕ್ತ.

ಸಭೆಗೆ ಬರಲಾಗದವರೇ ಆಸ್ಪತ್ರೆಯನ್ನು ಹೆಚ್ಚು ಅವಲಂಬಿಸಿರುವವರು: ಗರ್ಭಿಣಿಯರು, ಬಾಣಂತಿಯರು, ವಯೋವೃದ್ಧರು, ವಿಕಲಚೇತನರು, ಕ್ಷಯರೋಗದ ಮಾತ್ರೆ ಪಡೆಯುವವರು, ದಿನಗೂಲಿಯವರು. ಹಗಲು ಹನ್ನೊಂದು ಗಂಟೆಗೆ ಕರೆದ ಸಭೆಗೆ ಕೂಲಿ ಬಿಟ್ಟು ಬರುವುದು ಅವರಿಗೆ ದುಬಾರಿ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳ ನೆರವಿನಿಂದ ಲಸಿಕಾ ದಿನ, ಸ್ವಸಹಾಯ ಸಂಘದ ವಾರದ ಸಭೆ ಮತ್ತು ಹೊರರೋಗಿಗಳ ಸರದಿ ಸಾಲಿನಲ್ಲಿಯೇ ಅಭಿಪ್ರಾಯ ಪಡೆಯಬಹುದು. ದಲಿತ ಕೇರಿ, ಹಾಡಿ ಮತ್ತು ತಾಂಡಾಗಳಿಗೆ ಸದಸ್ಯರೇ ತೆರಳುವುದು ಅಗತ್ಯ. ಕರಡು ನಕ್ಷೆಯನ್ನು ಪಂಚಾಯತಿ ಕಚೇರಿ, ಆಸ್ಪತ್ರೆ ಮತ್ತು ಗ್ರಂಥಾಲಯದಲ್ಲಿ ಪ್ರದರ್ಶಿಸಿ, ಡಂಗೂರದ ಮೂಲಕ ಹಾಗೂ ಕಸ ಸಂಗ್ರಹಣಾ ವಾಹನದ ಧ್ವನಿವರ್ಧಕದ ಮೂಲಕ ಪ್ರಚಾರ ನೀಡಬಹುದು. ನಕ್ಷೆ ಓದಲು ಬಾರದವರಿಗಾಗಿ ಆವರಣದಲ್ಲಿಯೇ ಸುಣ್ಣದ ಪುಡಿಯಿಂದ ಕಟ್ಟಡದ ಗೆರೆ ಹಾಕಿ ತೋರಿಸುವುದು ಅತ್ಯಂತ ಪರಿಣಾಮಕಾರಿ.

5. ಯಾವ ಪ್ರಶ್ನೆಗಳನ್ನು ಕೇಳಬೇಕು

"ಹೊಸ ಆಸ್ಪತ್ರೆ ಬೇಕೇ?" ಎಂದು ಕೇಳಿದರೆ ಎಲ್ಲರೂ ಬೇಕೆನ್ನುವರು, ಅದರಿಂದ ತಿಳಿಯುವುದೇನೂ ಇಲ್ಲ. ಬಳಕೆಯ ಬಗ್ಗೆ ಪ್ರಶ್ನಿಸಬೇಕು.

ತಾತ್ಕಾಲಿಕ ವ್ಯವಸ್ಥೆ: ಆವರಣದಲ್ಲಿ ಖಾಲಿ ಜಾಗವಿದ್ದಲ್ಲಿ ಮೊದಲು ಹೊಸದನ್ನು ಕಟ್ಟಿ, ಸೇವೆಯನ್ನು ಸ್ಥಳಾಂತರಿಸಿದ ನಂತರ ಹಳೆಯದನ್ನು ಕೆಡಹುವುದು ಉತ್ತಮ. ಅದು ಸಾಧ್ಯವಾಗದಿದ್ದರೆ ಬಾಡಿಗೆ ಕಟ್ಟಡ ಅಥವಾ ಸಮುದಾಯ ಭವನವನ್ನು ಗುರುತಿಸಬೇಕಾಗುತ್ತದೆ. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕಾದ್ದರಿಂದ ಅಲ್ಲಿ ಭರವಸೆಯ ವಿದ್ಯುತ್ ಪೂರೈಕೆ ಇರಬೇಕು. ನೀರು, ಶೌಚಾಲಯ ಮತ್ತು ಆಂಬುಲೆನ್ಸ್ ತಿರುಗಲು ಜಾಗವಿರಬೇಕು. ಹೆರಿಗೆ ಸೇವೆ ಅಲ್ಲಿ ಸಾಧ್ಯವಾಗದಿದ್ದರೆ ಗರ್ಭಿಣಿಯರನ್ನು ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಕಳುಹಿಸಲಾಗುವುದೆಂಬುದು ಕಟ್ಟಡ ಕೆಡಹುವ ಮುನ್ನವೇ ಪ್ರತಿ ಮನೆಗೂ ತಿಳಿದಿರಬೇಕು.

ಸುಗಮ ಪ್ರವೇಶ: ಗಾಲಿಕುರ್ಚಿಯ ಇಳಿಜಾರು ದಾರಿಯು 1:12ಕ್ಕಿಂತ ಕಡಿದಾಗಿರಬಾರದು. ಕಟ್ಟಡದ ನೆಲವು ಹೊರಗಿನ ಮಟ್ಟಕ್ಕಿಂತ 45 ಸೆಂಟಿಮೀಟರ್ ಎತ್ತರದಲ್ಲಿದ್ದರೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ಮೇಲೆ ಮತ್ತು ಕೆಳಗೆ ತಿರುಗಲು ಸಮತಟ್ಟಾದ ಜಾಗ ಪ್ರತ್ಯೇಕ. ಇದನ್ನು ಮೊದಲೇ ನಕ್ಷೆಯಲ್ಲಿ ಸೇರಿಸದಿದ್ದರೆ, ನಂತರ ಗಾಲಿಕುರ್ಚಿ ಹತ್ತಲಾಗದ ಕಡಿದಾದ ಕಾಂಕ್ರೀಟು ಇಳಿಜಾರು ಮಾತ್ರ ಉಳಿಯುತ್ತದೆ.

ನೆಲದೊಳಗಿನ ಸಂಗತಿಗಳು: ಹಳೆಯ ಆಸ್ಪತ್ರೆಗಳಲ್ಲಿ ಸೂಜಿ ಮತ್ತು ಇತರ ತ್ಯಾಜ್ಯವನ್ನು ಹೂಳಿದ ಗುಂಡಿಗಳು, ಮುಚ್ಚಿದ ಬಾವಿ ಹಾಗೂ ಶೌಚಗುಂಡಿಗಳು ಇರಬಹುದು. ಇವು ಕಡತದಲ್ಲಿ ಇಲ್ಲದಿದ್ದರೂ ನಿವೃತ್ತ ಸಿಬ್ಬಂದಿ ಮತ್ತು ಅಕ್ಕಪಕ್ಕದ ಮನೆಯವರ ನೆನಪಿನಲ್ಲಿರುತ್ತವೆ. ಅವರನ್ನು ಸ್ಥಳಕ್ಕೆ ಕರೆದು ಗುರುತು ಹಾಕಿಸಿಕೊಳ್ಳದೆ ಪಾಯ ತೋಡುವುದು ಕಾರ್ಮಿಕರಿಗೆ ಅಪಾಯಕಾರಿ.

ನಿವೇಶನದ ಬದಲಾವಣೆ: ಊರ ನಡುವಿನ ಜಾಗ ಇಕ್ಕಟ್ಟೆಂದು ಹೆದ್ದಾರಿ ಬದಿಯ ಹೊಸ ಜಾಗಕ್ಕೆ ಆಸ್ಪತ್ರೆಯನ್ನು ಒಯ್ಯುವ ಪ್ರಸ್ತಾವ ಬಂದಾಗ ಭಿನ್ನಾಭಿಪ್ರಾಯ ತೀವ್ರವಾಗುತ್ತದೆ. ಹೆದ್ದಾರಿ ಬದಿಗೆ ಆಂಬುಲೆನ್ಸ್ ಬೇಗ ತಲುಪುತ್ತದೆ. ಆದರೆ ಪ್ರತಿ ತಿಂಗಳು ರಕ್ತದೊತ್ತಡದ ಮಾತ್ರೆಗಾಗಿ ನಡೆದು ಬರುವ ವೃದ್ಧೆಗೆ ಆಟೋ ಬಾಡಿಗೆಯ ಹೊರೆ ಬೀಳುತ್ತದೆ. ಎರಡೂ ನಿಜವಾದ ಅಗತ್ಯಗಳೇ. ಹಗಲಿನ ಬಳಕೆ, ರಾತ್ರಿಯ ತುರ್ತು, ಬಸ್ಸಿನ ವೇಳೆ ಮತ್ತು ನಡಿಗೆಯ ದೂರವನ್ನು ಪ್ರತ್ಯೇಕವಾಗಿ ದಾಖಲಿಸಿ ಹೋಲಿಸಬೇಕು. ಹೊಸ ಜಾಗದ ಸುತ್ತಲಿನ ಜಮೀನು ಯಾರದೆಂಬುದೂ ಸಭೆಗೆ ತಿಳಿದಿರಬೇಕು. ಯಾವುದೇ ಸದಸ್ಯರಿಗೆ ಅಲ್ಲಿ ಹಿತಾಸಕ್ತಿಯಿದ್ದಲ್ಲಿ ಅದನ್ನು ಮೊದಲೇ ಪ್ರಕಟಿಸಿ ಆ ಚರ್ಚೆಯಿಂದ ದೂರ ಉಳಿಯುವುದು ಉಚಿತ. ಹಳೆಯ ಜಾಗವು ದಾನವಾಗಿ ಬಂದುದಾದರೆ ದಾನಪತ್ರದ ಷರತ್ತು, ಪಹಣಿ ಮತ್ತು ಸರ್ವೆ ನಕ್ಷೆಗಳನ್ನು ಪರಿಶೀಲಿಸದೆ ತೀರ್ಮಾನಕ್ಕೆ ಬರಬಾರದು.

6. ಅಭಿಪ್ರಾಯಕ್ಕೆ ಉತ್ತರ

ಸಭೆಯ ನಡಾವಳಿಯಲ್ಲಿ "ಚರ್ಚಿಸಲಾಯಿತು, ಸರ್ವಾನುಮತದಿಂದ ಒಪ್ಪಲಾಯಿತು" ಎಂಬ ಒಂದು ಸಾಲು ಸಾಲದು. ವಿರೋಧವನ್ನೂ ಅದರ ಕಾರಣದೊಂದಿಗೆ ದಾಖಲಿಸಬೇಕು. ಬಂದ ಸಲಹೆ, ಅದು ಬಂದ ಜನವಸತಿ, ಇಲಾಖೆಯ ನಿಲುವು, ಒಪ್ಪಿದ ಅಥವಾ ಒಪ್ಪದ ಕಾರಣ ಎಂಬ ನಾಲ್ಕು ಅಂಕಣಗಳ ತಃಖ್ತೆಯನ್ನು ಸಿದ್ಧಪಡಿಸಿ, ವೈದ್ಯಾಧಿಕಾರಿಗಳು, ಆರೋಗ್ಯ ರಕ್ಷಾ ಸಮಿತಿ ಮತ್ತು ಕಾಮಗಾರಿಯ ಎಂಜಿನಿಯರರಿಗೆ ಸಲ್ಲಿಸುವುದು ಸೂಕ್ತ. ಉತ್ತರ ಬಂದ ಬಳಿಕ ಅದನ್ನು ಮುಂದಿನ ಗ್ರಾಮ ಸಭೆಯಲ್ಲಿ ಓದಿ ಹೇಳಿ, ಸೂಚನಾ ಫಲಕದಲ್ಲಿ ಪ್ರಕಟಿಸತಕ್ಕದ್ದು. ಸಲಹೆ ತಿರಸ್ಕೃತವಾದರೂ ಕಾರಣ ತಿಳಿದವರು ಸಹಕರಿಸುತ್ತಾರೆ. ಉತ್ತರವೇ ಬಾರದಿದ್ದರೆ ಮುಂದಿನ ಸಭೆಗೆ ಬರುವುದನ್ನೇ ಬಿಡುತ್ತಾರೆ.

ಪ್ರಸ್ತಾವಕ್ಕೆ ಸಹಮತಿಯ ನಿರ್ಣಯ ಕೈಗೊಳ್ಳುವ ಮುನ್ನ ಸದಸ್ಯರ ಮುಂದೆ ಐದು ದಾಖಲೆಗಳಿರಬೇಕು: ಕಟ್ಟಡದ ಸದೃಢತೆಯ ವರದಿ, ಜಾಗದ ಹಕ್ಕುಪತ್ರಗಳು, ಕರಡು ನಕ್ಷೆ, ಕಾಮಗಾರಿ ಅವಧಿಯ ತಾತ್ಕಾಲಿಕ ಸೇವೆಯ ಲಿಖಿತ ಯೋಜನೆ ಹಾಗೂ ಮೇಲಿನ ತಃಖ್ತೆ. ಇವುಗಳಲ್ಲಿ ನಾಲ್ಕನೆಯದು ಇಲ್ಲದಿದ್ದಲ್ಲಿ, ಉಳಿದೆಲ್ಲವೂ ಸಿದ್ಧವಾಗಿದ್ದರೂ, ಅದು ಬರುವವರೆಗೆ ಹಳೆಯ ಕಟ್ಟಡದ ಬಾಗಿಲು ಮುಚ್ಚದಂತೆ ಕೋರುವುದು ಸದಸ್ಯರ ಕರ್ತವ್ಯವಾಗಿರುತ್ತದೆ.